ಸೆಖೆಯಲ್ಲಿ ಸಿಗಾರ್ ಕಪಾಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಫ್ರಿಜ್ಜು, ಏಸಿ, ನೀರಿನ ಪಂಪುಗಳ ನಡುವೆ, ಸಿಗಾರುಗಳನ್ನು ಹದವಾದ ತಂಪು ಮತ್ತು ತೇವದಲ್ಲಿ ಕಾಯ್ದಿಡುವ ಸಿಗಾರ್ ಕಪಾಟಿನ ಬಗೆಗೂ ಈ ಅಂಕಣಕ್ಕೆ ಆಗೊಮ್ಮೆ ಈಗೊಮ್ಮೆ ಒಂದು ಪತ್ರ ಬರುವುದುಂಟು. ಈ ಬೇಸಿಗೆಯಲ್ಲಿ ಐದು ಬಂದಿವೆ. ಎಲ್ಲರ ತೊಂದರೆಯೂ ಹೊರನೋಟಕ್ಕೆ ಒಂದೇ ಆದರೂ ಊರು ಬದಲಾದಂತೆ ಉತ್ತರವೂ ಬದಲಾಗುವುದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟಿದ್ದೇನೆ. ತಂಬಾಕಿನ ಹೊಗೆ, ಅದು ಬೀಡಿಯದಿರಲಿ ಸಿಗಾರಿನದಿರಲಿ, ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಕಾರಣವೆಂಬುದರಲ್ಲಿ ಸಂಶಯವಿಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆಯೂ ಅದರ ಪ್ರಚಾರವನ್ನು ನಿಷೇಧಿಸಿದೆ. ಆದ್ದರಿಂದ ಇಲ್ಲಿ ಯಾವ ಸಿಗಾರಿನ ಹೆಸರೂ ಬರುವುದಿಲ್ಲ. ಮಾತೆಲ್ಲ ಕಪಾಟಿನದು ಮತ್ತು ಅದರೊಳಗಿನ ಗಾಳಿಯದು. ತಂಪು ಯಂತ್ರಗಳ ಜೊತೆ ಮೂವತ್ತು ವರ್ಷ ಕಳೆದ ನನಗೆ ಗೊತ್ತಿರುವುದೂ ಅಷ್ಟೇ.

ಪ್ರಶ್ನೆ: ನಾವು ಮುಲುಂಡ್ ಪೂರ್ವದಲ್ಲಿ ಏಳನೆಯ ಮಹಡಿಯ ಮನೆಯಲ್ಲಿದ್ದೇವೆ. ಹಡಗಿನ ನೌಕರಿಯಲ್ಲಿರುವ ಮಗ ರಜೆಗೆ ಬರುವಾಗ ತರುವ ಸಿಗಾರ್ ಪೆಟ್ಟಿಗೆಗಳನ್ನು ಇಡಲೆಂದು 48 ಲೀಟರಿನ, ಗಾಜಿನ ಬಾಗಿಲಿನ, ವಿದ್ಯುತ್ತಿನಿಂದ ತಂಪಾಗುವ ಕಪಾಟೊಂದನ್ನು ಕೊಂಡು ಹಾಲ್‌ನಲ್ಲಿ ಇಟ್ಟಿದ್ದಾನೆ. ಅವನು ಸಮುದ್ರದಲ್ಲಿರುವ ತಿಂಗಳುಗಳಲ್ಲಿ ಅದರ ಕಾವಲು ನನ್ನದು, ನಾನು ಸೇದುವವನಲ್ಲ. ಚಳಿಗಾಲದಲ್ಲಿ ಅದರ ಅಂಕಿ 18ರಲ್ಲಿ ನಿಲ್ಲುತ್ತದೆ. ಮಾರ್ಚ್ ಕಳೆಯುತ್ತಲೇ 25ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಯಂತ್ರ ಒಂದು ಕ್ಷಣವೂ ಸುಮ್ಮನಾಗುವುದಿಲ್ಲ, ಒಳಗೆ ಹಿಂಬದಿಯ ಗೋಡೆಯಿಂದ ನೀರು ಇಳಿದು ಕೆಳಗಿನ ತಟ್ಟೆಯಲ್ಲಿದ್ದ ಎರಡು ಪೆಟ್ಟಿಗೆಗಳು ಒದ್ದೆಯಾಗಿವೆ. ಅಂಕಿಯನ್ನು 16ಕ್ಕೆ ಇಳಿಸಿದೆ. ನೀರು ಇನ್ನೂ ಹೆಚ್ಚಾಯಿತು. ನೋಡಲು ಬಂದ ಮೆಕ್ಯಾನಿಕ್ ಗ್ಯಾಸ್ ತುಂಬಿಸಬೇಕೆನ್ನುತ್ತಾನೆ. ತುಂಬಿಸಲೇ?

ಉತ್ತರ: ಮಾನ್ಯರೇ, ತುಂಬಿಸಬೇಡಿ, ಏಕೆಂದರೆ ನೀವು ವಿವರಿಸಿದ ಕಪಾಟಿನಲ್ಲಿ ಗ್ಯಾಸೇ ಇರುವುದಿಲ್ಲ. ಹಿಂಬದಿಯಲ್ಲಿ ಒಮ್ಮೆ ಇಣುಕಿ ನೋಡಿ. ಕಂಪ್ರೆಸರಿನ ಕರಿ ಗಡಿಗೆ ಕಾಣದೆ, ಅಲ್ಯೂಮಿನಿಯಮಿನ ರೆಕ್ಕೆಗಳೂ ಒಂದು ಸಣ್ಣ ಫ್ಯಾನೂ ಮಾತ್ರ ಕಂಡರೆ ಅದು ಪೆಲ್ಟಿಯರ್ ಕಪಾಟು. ಎರಡು ಬೇರೆ ಬೇರೆ ವಾಹಕಗಳ ಕೂಡುವಿಕೆಯಲ್ಲಿ ವಿದ್ಯುತ್ ಹರಿಸಿದರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುತ್ತದೆಂದು ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡ ಗುಣವೇ ಇಂದು ಬೆಂಕಿಪೊಟ್ಟಣದಗಲದ ಒಂದು ಬಿಲ್ಲೆಯಾಗಿ ನಿಮ್ಮ ಕಪಾಟಿನ ಬೆನ್ನಿನಲ್ಲಿ ಕುಳಿತಿದೆ. ಸದ್ದಿಲ್ಲ, ನಡುಕವಿಲ್ಲ, ಗ್ಯಾಸ್ ಸೋರುವ ಭಯವಿಲ್ಲ. ಆದರೆ ಅದರ ಕಸುವು ಕಡಿಮೆ. ಸುತ್ತಲಿನ ಕೋಣೆ ಎಷ್ಟು ಬಿಸಿಯಾಗಿದೆಯೋ ಅದಕ್ಕಿಂತ ಎಂಟರಿಂದ ಹನ್ನೆರಡು ಡಿಗ್ರಿಯಷ್ಟು ಮಾತ್ರ ಅದು ಕೆಳಗಿಳಿಸಬಲ್ಲದು. ಜನವರಿಯಲ್ಲಿ ನಿಮ್ಮ ಹಾಲ್ 27 ಡಿಗ್ರಿಯಲ್ಲಿದ್ದಾಗ 18 ಸುಲಭ. ಮೇ ತಿಂಗಳಲ್ಲಿ ಅದೇ ಹಾಲ್ 34ಕ್ಕೇರಿದಾಗ 25 ಬಂದರೆ ಯಂತ್ರ ತನ್ನ ಕೆಲಸವನ್ನು ಪೂರ್ತಿ ಮಾಡಿದೆ ಎಂದೇ ಅರ್ಥ. ಕೆಟ್ಟಿರುವುದು ಯಂತ್ರವಲ್ಲ, ಅದನ್ನು ಇಟ್ಟಿರುವ ಜಾಗ.

ಇನ್ನು ನೀರಿನ ವಿಷಯ. ಮೇ ತಿಂಗಳ ಮಧ್ಯಾಹ್ನ ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲಿನ ಲೋಟದ ಹೊರಮೈ ಬೆವರುವುದನ್ನು ನೀವು ದಿನವೂ ನೋಡುತ್ತೀರಿ. ಕಪಾಟಿನ ಹಿಂಗೋಡೆಯಲ್ಲಿ ಆಗುತ್ತಿರುವುದೂ ಅದೇ. ಮುಂಬಯಿಯಲ್ಲಿ 33 ಡಿಗ್ರಿ ಬಿಸಿ ಮತ್ತು ಶೇಕಡ 70 ಆರ್ದ್ರತೆ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 25 ಗ್ರಾಂ ನೀರಿನ ಆವಿ ಇರುತ್ತದೆ. 21 ಡಿಗ್ರಿಗೆ ತಂಪಾದ ಗಾಳಿಯಾದರೋ ಹೆಚ್ಚೆಂದರೆ 18 ಗ್ರಾಂ ಆವಿಯನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಉಳಿದದ್ದು ನೀರಾಗಿ ಎಲ್ಲಿಯಾದರೂ ಇಳಿಯಲೇಬೇಕು, ಮತ್ತು ಅದು ಇಳಿಯುವುದು ಎಲ್ಲಕ್ಕಿಂತ ತಣ್ಣಗಿರುವ ಜಾಗದಲ್ಲಿ, ಅಂದರೆ ಪೆಲ್ಟಿಯರ್ ಬಿಲ್ಲೆಗೆ ಅಂಟಿಕೊಂಡ ಹಿಂಬದಿಯ ತಗಡಿನ ಮೇಲೆ. ಲೆಕ್ಕ ಹಾಕಿದರೆ ನಿಮ್ಮ 48 ಲೀಟರ್ ಕಪಾಟಿನ ಬಾಗಿಲನ್ನು ಒಮ್ಮೆ ಅಗಲವಾಗಿ ತೆರೆದು ಮುಚ್ಚಿದಾಗಲೆಲ್ಲ ಒಳಗೆ ಇರಬೇಕಾದುದಕ್ಕಿಂತ ಅರ್ಧ ಗ್ರಾಮಿಗೂ ಮಿಕ್ಕಿ ನೀರು ಹೆಚ್ಚಾಗಿ ಸೇರುತ್ತದೆ. ಅರ್ಧ ಗ್ರಾಂ ಏನು ಮಹಾ ಎನಿಸಬಹುದು. ಆದರೆ ನೆಂಟರು ಬಂದಾಗಲೆಲ್ಲ ತೆರೆದು ತೋರಿಸುವ ಮನೆಗಳಲ್ಲಿ ಒಂದು ಭಾನುವಾರಕ್ಕೇ ಒಂದು ಚಮಚ ನೀರಾಗುತ್ತದೆ. ಬಾಗಿಲಿನ ರಬ್ಬರ್ ಪಟ್ಟಿ ಸಡಿಲವಾಗಿದ್ದರೆ ತೆರೆಯದಿದ್ದರೂ ಆಗುತ್ತದೆ. ಒಂದು ಹಾಳೆಯ ಚೂರನ್ನು ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ ಎಳೆದು ನೋಡಿ. ತಡೆಯಿಲ್ಲದೆ ಹೊರಬಂದರೆ ಅಲ್ಲಿ ಪಟ್ಟಿ ಕೂಡುತ್ತಿಲ್ಲ.

ಅಂಕಿಯನ್ನು 16ಕ್ಕೆ ಇಳಿಸಿದಾಗ ನೀರು ಹೆಚ್ಚಿದ್ದೇಕೆಂಬುದೂ ಇದರಿಂದಲೇ ತಿಳಿಯುತ್ತದೆ. ಕಪಾಟಿನೊಳಗೆ 21 ಡಿಗ್ರಿ, ಶೇಕಡ 70 ಆರ್ದ್ರತೆ ಇದ್ದರೆ 15 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ಬೆವರುತ್ತದೆ. ತಲುಪಲಾಗದ ಗುರಿಯನ್ನು ಕೊಟ್ಟಾಗ ಯಂತ್ರ ಎಂದೂ ನಿಲ್ಲುವುದಿಲ್ಲ. ಅದು ನಿಲ್ಲದಿದ್ದರೆ ತಗಡಿನ ಮೇಲಿನ ನೀರಿಗೆ ಮತ್ತೆ ಆರಿ ಗಾಳಿಗೆ ಸೇರಲು ಸಮಯವೇ ಸಿಗುವುದಿಲ್ಲ. ಅದಕ್ಕಾಗಿ ಬೇಸಿಗೆಯಲ್ಲಿ ಅಂಕಿಯನ್ನು ಇಳಿಸುವ ಬದಲು ಏರಿಸಿ, 24ರಲ್ಲಿಡಿ.

ಇಲ್ಲಿ ‘ಎಪ್ಪತ್ತು–ಎಪ್ಪತ್ತು’ ಎಂಬ ಹಳೆಯ ಸೂತ್ರದ ಬಗ್ಗೆ ಒಂದು ಮಾತು ಹೇಳಬೇಕು. 70 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ನಮ್ಮ 21 ಡಿಗ್ರಿ, ಮತ್ತು ಶೇಕಡ 70 ಆರ್ದ್ರತೆ ಎಂಬುದು ಆ ಸೂತ್ರ. ಕಪಾಟಿನ ಜೊತೆ ಬರುವ ಕೈಪಿಡಿಗಳಲ್ಲಿ ಅದನ್ನು ವೇದವಾಕ್ಯದಂತೆ ಅಚ್ಚು ಹಾಕಿರುತ್ತಾರೆ. ಅರಬ್ಬಿ ಸಮುದ್ರದ ದಂಡೆಯಲ್ಲಿ ಬದುಕುವವರು ಅದಕ್ಕೆ ಜೋತು ಬೀಳಬೇಕಾಗಿಲ್ಲ. ತಂಬಾಕಿನ ಎಲೆಗೆ ಬೇಕಾಗಿರುವುದು ಅಂಕಿಯಲ್ಲ, ಹದ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಬೆಳೆಗಾರರು ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿದ ಎಲೆಯನ್ನು ಕೂಡಲೇ ಕೆಳಗಿಳಿಸದೆ ಅದು ಗಾಳಿಯ ತೇವ ಕುಡಿದು ಮೆತ್ತಗಾಗುವವರೆಗೆ ಕಾಯುತ್ತಾರಲ್ಲ, ಅದೇ ಹದ: ಮುರಿಯಬಾರದು, ಅಂಟಲೂಬಾರದು. ಅಂಥ ಹದ ಶೇಕಡ 62ರಿಂದ 65ರ ಆರ್ದ್ರತೆಯಲ್ಲೂ ಚೆನ್ನಾಗಿಯೇ ಉಳಿಯುತ್ತದೆ, ಮತ್ತು ಕಪಾಟು 24 ಡಿಗ್ರಿಯಲ್ಲಿ ಇರಲೇಬೇಕಾದ ತಿಂಗಳುಗಳಲ್ಲಿ ಈ ಕಡಿಮೆ ಆರ್ದ್ರತೆಯೇ ಬೂಸ್ಟಿನಿಂದ ಕಾಪಾಡುವಂಥದ್ದು. ನನ್ನ ಅಭಿಪ್ರಾಯ ಕೇಳುವಿರಾದರೆ, ಏಪ್ರಿಲಿನಿಂದ ಜೂನಿನವರೆಗೆ ಒಂದೇ ಸಮನೆ 24ರಲ್ಲಿ ನಿಂತ ಕಪಾಟು, ಹಗಲು 27 ರಾತ್ರಿ 19 ಎಂದು ಜೋಕಾಲಿಯಾಡುವ ಕಪಾಟಿಗಿಂತ ಎಷ್ಟೋ ಮೇಲು. ಎಲೆ ಹಿಗ್ಗುತ್ತದೆ, ಕುಗ್ಗುತ್ತದೆ. ಹತ್ತಾರು ಸಲ ಹೀಗಾದ ಮೇಲೆ ಹೊರಗಿನ ತೆಳುವಾದ ಹೊದಿಕೆ ಎಲೆ ಬಿರಿಯುತ್ತದೆ. ಬೆಲೆ ಬಾಳುವ ಸಿಗಾರು ಕೆಡುವುದು ಹೆಚ್ಚಾಗಿ ಹೀಗೆಯೇ.

ಆದ್ದರಿಂದ ಮಾಡಬೇಕಾದ ಮೊದಲನೆಯ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಕಪಾಟನ್ನು ಹಾಲ್‌ನಿಂದ ಎತ್ತಿ ಮನೆಯ ಅತ್ಯಂತ ಒಳಗಿನ, ಪಶ್ಚಿಮದ ಬಿಸಿಲು ಬೀಳದ ಗೋಡೆಯ ಪಕ್ಕ ಇಡಿ. ಮಧ್ಯಾಹ್ನದ ಮೂರರಿಂದ ಏಳರವರೆಗೆ ಬಿಸಿಲುಂಡ ಪಶ್ಚಿಮದ ಗೋಡೆ ರಾತ್ರಿ ಹನ್ನೊಂದರವರೆಗೂ ಅದನ್ನು ಒಳಗೆ ಕಾರುತ್ತಲೇ ಇರುತ್ತದೆ. ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಫ್ರಿಜ್ಜಿನ ಪಕ್ಕ, ಟೀವಿಯ ಕೆಳಗೆ, ಅಟ್ಟದ ಮೇಲೆ ಬೇಡವೇ ಬೇಡ. ಕಪಾಟಿನ ಬೆನ್ನಿಗೂ ಗೋಡೆಗೂ ನಡುವೆ ಕನಿಷ್ಠ ಒಂದು ಗೇಣು ಜಾಗ ಬಿಡಿ, ಏಕೆಂದರೆ ಒಳಗಿನಿಂದ ತೆಗೆದ ಬಿಸಿಯನ್ನು ಅದು ಹಿಂಬದಿಯಿಂದಲೇ ಹೊರಹಾಕಬೇಕು. ಚೆಂದ ಕಾಣಲೆಂದು ಬಡಗಿಯಿಂದ ಚೌಕಟ್ಟು ಮಾಡಿಸಿ ಅದರೊಳಗೆ ಕೂರಿಸಿದ ಕಪಾಟುಗಳನ್ನು ನಾನು ನೋಡಿದ್ದೇನೆ. ಅವು ತಮ್ಮದೇ ಉಸಿರಿನಲ್ಲಿ ಬೇಯುತ್ತಿರುತ್ತವೆ. ಹಿಂಬದಿಯ ಫ್ಯಾನಿನ ಎಸಳುಗಳಲ್ಲೂ ಅಲ್ಯೂಮಿನಿಯಮಿನ ರೆಕ್ಕೆಗಳ ಸಂದಿಯಲ್ಲೂ ಕೂತ ಧೂಳನ್ನು, ಪ್ಲಗ್ ಕಿತ್ತಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ರಸ್ತೆಗೆ ಮುಖ ಮಾಡಿದ ಮನೆಗಳಲ್ಲಿ ಇದೊಂದರಿಂದಲೇ ಎರಡು ಡಿಗ್ರಿ ಇಳಿದದ್ದನ್ನು ಕಂಡಿದ್ದೇನೆ. ಗಾಜಿನ ಬಾಗಿಲಿಗೆ ಒಳಗಿನಿಂದಲ್ಲ, ಹೊರಗಿನಿಂದ ದಪ್ಪ ಬಟ್ಟೆಯೊಂದನ್ನು ಇಳಿಬಿಡಿ.

ಏಸಿಯಿರುವ ಮಲಗುವ ಕೋಣೆಗೆ ಸಾಗಿಸಬಹುದೇ ಎಂದು ನೀವು ಮುಂದಿನ ಪತ್ರದಲ್ಲಿ ಕೇಳುವಿರೆಂದು ಊಹಿಸಿ ಈಗಲೇ ಹೇಳುತ್ತೇನೆ: ಏಸಿ ಹಗಲೂ ರಾತ್ರಿ 26 ಅಥವಾ 27ರಲ್ಲಿ ನಡೆಯುವುದಾದರೆ ಧಾರಾಳವಾಗಿ ಸಾಗಿಸಿ, ಪೆಲ್ಟಿಯರ್ ಕಪಾಟಿಗೆ ಅದು ಸ್ವರ್ಗ. ರಾತ್ರಿ ಮಾತ್ರ 22ರಲ್ಲಿ ಓಡಿಸಿ ಬೆಳಿಗ್ಗೆ ಆರಕ್ಕೆ ನಿಲ್ಲಿಸುವ ಮನೆಯಾದರೆ ಬೇಡ, ಜೋಕಾಲಿ ಶುರುವಾಗುತ್ತದೆ.

ಒದ್ದೆಯಾದ ಎರಡು ಪೆಟ್ಟಿಗೆಗಳನ್ನು ಹೊರತೆಗೆದು, ಸಿಗಾರುಗಳನ್ನು ಬೇರೆ ಮುಚ್ಚಿದ ಡಬ್ಬಿಯಲ್ಲಿ ಶೇಕಡ 62ರ ತೇವ ಪೊಟ್ಟಣದ ಜೊತೆ ಎರಡು ವಾರ ಇಡಿ. ಈ ಪೊಟ್ಟಣಗಳು ಕಡಿಮೆಯಾದಾಗ ತೇವ ಕೊಡುತ್ತವೆ, ಹೆಚ್ಚಾದಾಗ ಹೀರುತ್ತವೆ. ನೀರಿನಲ್ಲಿ ನೆನೆಸಿದ ಸ್ಪಂಜನ್ನು ನಿಮ್ಮ ಮಗ ಒಳಗಿಟ್ಟಿದ್ದರೆ ಏಪ್ರಿಲ್ ಒಂದರಂದು ಅದನ್ನು ತೆಗೆದುಬಿಡಿ. ಸ್ಪಂಜಿಗೆ ಕೊಡುವುದು ಮಾತ್ರ ಗೊತ್ತು.

ಪ್ರಶ್ನೆ: ಠಾಣೆಯ ನನ್ನ ಮನೆಯಲ್ಲಿ ಪೆಲ್ಟಿಯರ್ ಕಪಾಟು ಸೋತುಹೋಯಿತೆಂದು ಕಂಪ್ರೆಸರ್ ಇರುವ ವೈನ್ ಫ್ರಿಜ್ಜನ್ನೇ ಸಿಗಾರಿಗಾಗಿ ಬಳಸುತ್ತಿದ್ದೇನೆ. ತಂಪಿಗೆ ಕೊರತೆಯಿಲ್ಲ. ಆದರೆ ಆರ್ದ್ರತೆ ಒಮ್ಮೆ 54, ಅರ್ಧ ಗಂಟೆಗೆ 68. ಮೀಟರ್ ಸುಳ್ಳು ಹೇಳುತ್ತಿದೆಯೇ?

ಉತ್ತರ: ಹೇಳುತ್ತಿರಲೂಬಹುದು, ಮೊದಲು ಅದನ್ನು ಪರೀಕ್ಷಿಸಿ. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಿನಂತಾಗುವಷ್ಟು ನೀರು ಹನಿಸಿ, ಮೀಟರಿನ ಜೊತೆಗೆ ಗಾಳಿಯಾಡದ ಜಿಪ್ ಚೀಲದಲ್ಲಿ ಒಂದು ಹಗಲು ಒಂದು ರಾತ್ರಿ ಇಡಿ. ಉಪ್ಪಿನ ಕೆಸರಿನ ಮೇಲಿನ ಗಾಳಿ ನಮ್ಮ ಕೋಣೆಯ ಬಿಸಿಯಲ್ಲಿ ಶೇಕಡ 75ರಲ್ಲಿ ನಿಲ್ಲುತ್ತದೆ; ಅದು ಪ್ರಕೃತಿಯ ನಿಯಮ, ಕಂಪನಿಯ ಭರವಸೆಯಲ್ಲ. ಮೀಟರ್ 71 ತೋರಿಸಿದರೆ ಇನ್ನು ಮುಂದೆ ಅದರ ಮಾತಿಗೆ ನಾಲ್ಕು ಕೂಡಿಸಿ ಓದಿಕೊಳ್ಳಿ. ಉಪ್ಪು ಅದರ ಮೈಗೆ ತಾಗದಿರಲಿ.

ಮೀಟರ್ ಸರಿಯಿದ್ದೂ ಅಂಕಿ ಹೀಗೆ ಕುಣಿಯುತ್ತಿದ್ದರೆ ಅದು ಕಂಪ್ರೆಸರಿನ ಸ್ವಭಾವ. ಅದು ಓಡುವಾಗ ಒಳಗಿನ ತಂಪು ಕೊಳವೆಗಳು ಆ ಗಾಳಿಯ ಇಬ್ಬನಿ ಬಿಂದುವಿಗಿಂತ, ಅಂದರೆ ಆವಿ ನೀರಾಗತೊಡಗುವ ಡಿಗ್ರಿಗಿಂತ, ಬಹಳ ಕೆಳಗಿಳಿದು, ಬಟ್ಟೆ ಹಿಂಡಿದಂತೆ ಗಾಳಿಯಿಂದ ನೀರನ್ನು ಹಿಂಡುತ್ತವೆ. ನಿಂತಾಗ ಕೊಳವೆಗಳ ಮೇಲೆ ಉಳಿದ ನೀರು ಆರಿ ಗಾಳಿಗೆ ಮರಳುತ್ತದೆ, ಉಳಿದದ್ದು ಕೆಳಗಿನ ರಂಧ್ರದಿಂದ ಹೊರಗೆ ಹೋಗುತ್ತದೆ. ಹೊರಗೆ ಸೆಖೆಯಿಂದ ಮೈಯೆಲ್ಲ ಅಂಟುತ್ತಿರುವಾಗ ಒಳಗೆ ಸಿಗಾರು ಒಣಗುವ ವಿಚಿತ್ರ ಹೀಗೆ ಸಂಭವಿಸುತ್ತದೆ. ವೈನಿನ ಬಾಟಲಿಗೆ ಬಿರಡೆಯಿದೆ, ಅದಕ್ಕೆ ಇದರಿಂದ ನಷ್ಟವಿಲ್ಲ; ಸಿಗಾರಿಗೆ ಬಿರಡೆಯಿಲ್ಲ.

ಮೂರು ದಾರಿಗಳಿವೆ, ಮೂರನ್ನೂ ಒಟ್ಟಿಗೆ ಹಿಡಿಯಬಹುದು. ಅಂಕಿಯನ್ನು 14 ಅಥವಾ 16ರಿಂದ 20–21ಕ್ಕೆ ಏರಿಸಿ, ಆಗ ಕಂಪ್ರೆಸರ್ ಓಡುವ ಹೊತ್ತೇ ಕಡಿಮೆಯಾಗುತ್ತದೆ. ಫ್ರಿಜ್ಜು ಅಷ್ಟು ಮೇಲಿನ ಅಂಕಿಗೆ ಹೋಗದಿದ್ದರೆ ಪ್ಲಗ್ಗಿನ ದಾರಿಯಲ್ಲಿ ಹೊರಗಿನಿಂದ ಜೋಡಿಸುವ ಥರ್ಮೋಸ್ಟ್ಯಾಟ್ ಕೂರಿಸಿ, ತಿಳಿದ ಎಲೆಕ್ಟ್ರಿಶಿಯನ್ ಕೈಯಿಂದಲೇ ಮಾಡಿಸಿ. ಎರಡನೆಯದಾಗಿ ಸಿಗಾರುಗಳನ್ನು ಬಿಡಿಬಿಡಿಯಾಗಿ ಜಾಲರಿಯ ಮೇಲೆ ಹರಡದೆ, ಅವು ಬಂದ ಮರದ ಪೆಟ್ಟಿಗೆಗಳಲ್ಲೇ ಮುಚ್ಚಿಡಿ. ಆ ಪೆಟ್ಟಿಗೆಗಳ ಮರವನ್ನು ಸ್ಪ್ಯಾನಿಷ್ ಸೀಡರ್ ಎನ್ನುತ್ತಾರೆ. ಹೆಸರಿಗೆ ಸೀಡರ್ ಆದರೂ ಅದು ದೇವದಾರುವಿನ ಸಂಬಂಧಿಯಲ್ಲ, ಮಹಾಗನಿ ಮತ್ತು ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು. ತೇವವನ್ನು ನಿಧಾನವಾಗಿ ಕುಡಿದು ನಿಧಾನವಾಗಿ ಬಿಡುವುದು ಅದರ ಗುಣವಾದ್ದರಿಂದ, ಹೊರಗೆ ಫ್ರಿಜ್ಜಿನ ಗಾಳಿ 54 ಮತ್ತು 68ರ ನಡುವೆ ಓಡಾಡಿದರೂ ಮುಚ್ಚಿದ ಪೆಟ್ಟಿಗೆಯ ಒಳಗೆ ಅಷ್ಟೊಂದು ಏರಿಳಿತ ಮುಟ್ಟುವುದಿಲ್ಲ. ಮೂರನೆಯದು ಫ್ರಿಜ್ಜನ್ನು ತುಂಬಿಡುವುದು. ಖಾಲಿ ಜಾಗವಿದ್ದಷ್ಟೂ ಕುಣಿತ ಜಾಸ್ತಿ.

ಪ್ರಶ್ನೆ: ಪುಣೆಯ ಕೋಥರೂಡಿನಲ್ಲಿ ನಮ್ಮ ಮನೆ. ಮಾವನವರ ಕಾಲದ ಮರದ ಸಿಗಾರ್ ಪೆಟ್ಟಿಗೆಯಿದೆ, ಯಂತ್ರವೇನೂ ಇಲ್ಲ. ಮುಂಬಯಿಯ ಗೆಳೆಯರು ಬೇಸಿಗೆಯಲ್ಲಿ ಸ್ಪಂಜು ತೆಗೆಯಬೇಕೆಂದರು, ತೆಗೆದೆ. ಹದಿನೈದು ದಿನದಲ್ಲಿ ಮೀಟರ್ 46ಕ್ಕೆ ಇಳಿದು, ಮುಚ್ಚಳದ ಒಂದು ಮೂಲೆ ಎದ್ದು ನಿಂತಿದೆ. ಗುರುವಾರದ ವಿದ್ಯುತ್ ಕಡಿತ ಬೇರೆ.

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಘಟ್ಟದ ಕೆಳಗಿನ ಮಾತು. ಮೊದಲ ಉತ್ತರದಲ್ಲಿ ನಾನೂ ಅದನ್ನೇ ಹೇಳಿದ್ದೇನೆ, ಹಾಗಾಗಿ ಖಂಡಾಲಾ ಘಾಟಿ ಹತ್ತಿದ ಮೇಲೆ ಅದನ್ನು ಮರೆಯಬೇಕೆಂದು ನಾನೇ ಹೇಳಬೇಕಾಗಿದೆ. ಏಪ್ರಿಲಿನ ಮಧ್ಯಾಹ್ನ ಪುಣೆಯಲ್ಲಿ 38 ಡಿಗ್ರಿ ಬಿಸಿಲಿದ್ದು ಆರ್ದ್ರತೆ ಶೇಕಡ 20ಕ್ಕೆ ಇಳಿದಾಗ, ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಸುಮಾರು 9 ಗ್ರಾಂ ಮಾತ್ರ. ಆ ಗಾಳಿಯನ್ನು 21 ಡಿಗ್ರಿಗೆ ತಂಪು ಮಾಡಿದರೂ ಅದರ ಆರ್ದ್ರತೆ ಶೇಕಡ 50ನ್ನು ಮುಟ್ಟಿ ನಿಲ್ಲುತ್ತದೆ. ಅದೇ ದಿನ ಮುಂಬಯಿಯ ಗಾಳಿಯನ್ನು 21ಕ್ಕೆ ತಂದರೆ ನೀರು ಸುರಿಯುತ್ತದೆ. ಅಲ್ಲಿ ಬೇಸಿಗೆಯೆಂದರೆ ನೀರನ್ನು ಹೊರಗಟ್ಟುವ ಕೆಲಸ, ನಿಮ್ಮಲ್ಲಿ ನೀರನ್ನು ಉಣಿಸುವ ಕೆಲಸ.

ಮುಚ್ಚಳ ಎದ್ದಿರುವುದು ಮರ ಒಣಗಿ ಕುಗ್ಗಿದ್ದರಿಂದ. ಒದ್ದೆ ಬಟ್ಟೆಯಿಂದ ಒರೆಸುವ ಆತುರ ಬೇಡ. ಮೇಲ್ಮೈ ಮಾತ್ರ ಹಿಗ್ಗಿ ಹಲಗೆ ಇನ್ನಷ್ಟು ಸೊಟ್ಟಗಾಗುತ್ತದೆ. ಸಿಗಾರುಗಳನ್ನು ಬೇರೆಡೆ ಸಾಗಿಸಿ, ಪೆಟ್ಟಿಗೆಯೊಳಗೆ ಡಿಸ್ಟಿಲ್ಡ್ ನೀರಿನ ಒಂದು ಸಣ್ಣ ಬಟ್ಟಲಿಟ್ಟು ಮುಚ್ಚಿ, ಒಂದು ವಾರದಿಂದ ಹತ್ತು ದಿನ ಹಾಗೆಯೇ ಬಿಡಿ. ಮರ ತನಗೆ ಬೇಕಾದಷ್ಟನ್ನು ತಾನೇ ಕುಡಿಯುತ್ತದೆ, ಮೂಲೆ ಬಹುಮಟ್ಟಿಗೆ ಕೂತುಕೊಳ್ಳುತ್ತದೆ. ನಲ್ಲಿಯ ನೀರು ಬೇಡ, ಅದರ ಸುಣ್ಣದಂಶ ಆಮೇಲೆ ಸ್ಪಂಜನ್ನು ಕಟ್ಟಿಹಾಕುತ್ತದೆ. ನಂತರ ಶೇಕಡ 69ರ ತೇವ ಪೊಟ್ಟಣಗಳನ್ನಿಡಿ, ಮುಂಬಯಿಯವರು 62 ಇಟ್ಟರೆಂದು ನೀವು ಇಡಬೇಕಾಗಿಲ್ಲ.

ಬಿಸಿಗೆ ಪುಣೆಯವರ ಕೈಯಲ್ಲಿ ಕರಾವಳಿಯವರಿಗಿಲ್ಲದ ಒಂದು ಆಯುಧವಿದೆ, ಅದು ಡೆಸರ್ಟ್ ಕೂಲರ್. 38 ಡಿಗ್ರಿಯ ಒಣ ಗಾಳಿ ಒದ್ದೆ ಹುಲ್ಲಿನ ಚಾಪೆಯನ್ನು ಹಾದುಬಂದಾಗ 25ರ ಆಸುಪಾಸಿಗೆ ಇಳಿಯುತ್ತದೆ ಮತ್ತು ದಾರಿಯಲ್ಲೇ ತೇವವನ್ನೂ ಹೊತ್ತು ತರುತ್ತದೆ. ಸಿಗಾರಿಗೆ ಬೇಕಾದ ಎರಡೂ ಒಂದೇ ಯಂತ್ರದಿಂದ. ಅದೇ ಕೂಲರನ್ನು ಮುಲುಂಡಿನಲ್ಲಿಟ್ಟರೆ 33 ಹೋಗಿ 29 ಆದೀತು, ಗೋಡೆ ಬೂಸ್ಟು ಹಿಡಿದೀತು. ಕೂಲರ್ ಇರುವ ಕೋಣೆಯಲ್ಲಿ, ಆದರೆ ಅದರ ಗಾಳಿ ನೇರವಾಗಿ ಬೀಸದ ಮೂಲೆಯ ನೆಲಮಟ್ಟದಲ್ಲಿ ಪೆಟ್ಟಿಗೆಯಿಡಿ. ರಾತ್ರಿ ಹತ್ತರ ಮೇಲೆ ಪುಣೆ ತಣಿಯುತ್ತದೆ, ಕಿಟಕಿ ತೆರೆಯಿರಿ. ಬೆಳಿಗ್ಗೆ ಎಂಟಕ್ಕೆ ಮುಚ್ಚಿ ಪರದೆ ಎಳೆಯಿರಿ.

ಗುರುವಾರದ ಕಡಿತ ನಿಮಗೆ ಬಾಧಕವಲ್ಲ. ಮುಂದೆ ಪೆಲ್ಟಿಯರ್ ಕಪಾಟು ಕೊಂಡರೆ ಬಾಧಕವಾಗುತ್ತದೆ, ಏಕೆಂದರೆ ವಿದ್ಯುತ್ ನಿಂತ ಕ್ಷಣದಿಂದ ಅದರ ಬಿಲ್ಲೆ ಹೊರಗಿನ ಬಿಸಿಯನ್ನು ಒಳಗೆ ತರುವ ಸೇತುವೆಯಾಗುತ್ತದೆ. ಕಪಾಟಿನ ತಳದಲ್ಲಿ ಮುಚ್ಚಳ ಬಿಗಿದ ಎರಡು ನೀರಿನ ಬಾಟಲಿಗಳನ್ನು ಸದಾ ಇಟ್ಟಿರಿ. ಒಳಗಿನ ತಂಪನ್ನು ಹಿಡಿದಿಟ್ಟು ಅವು ಏರಿಕೆಯನ್ನು ನಿಧಾನಗೊಳಿಸುತ್ತವೆ. ಕರೆಂಟು ಬರುವವರೆಗೆ ಬಾಗಿಲು ತೆರೆದು ನೋಡಬೇಡಿ.

ಪ್ರಶ್ನೆ: ವಾಸ್ಕೋದಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇವೆ. ತಂಪಿನ ವ್ಯವಸ್ಥೆಯಿಲ್ಲದ ಕಪಾಟಿನಲ್ಲಿದ್ದ ಸಿಗಾರುಗಳಲ್ಲಿ ಸೂಜಿಯಿಂದ ಚುಚ್ಚಿದಂತೆ ತೂತುಗಳು, ತಳದಲ್ಲಿ ಕಂದು ಪುಡಿ. ಇರುವೆಯೇ? ಔಷಧಿ ಹೊಡೆಯಬಹುದೇ?

ಉತ್ತರ: ಇರುವೆಯಲ್ಲ, ಮತ್ತು ಔಷಧಿಯನ್ನು ದಯವಿಟ್ಟು ಹೊಡೆಯಬೇಡಿ; ಅದು ಎಲೆಗೆ ಹತ್ತಿ, ಸೇದಿದವರ ಎದೆಗೆ ಇಳಿಯುತ್ತದೆ. ಇದು ತಂಬಾಕಿನ ಜೀರುಂಡೆ, ವಿಜ್ಞಾನದ ಹೆಸರು ಲ್ಯಾಸಿಯೋಡರ್ಮಾ ಸೆರಿಕಾರ್ನೆ. ಎರಡು ಮೂರು ಮಿಲಿಮೀಟರ್ ಉದ್ದದ, ಬೆನ್ನು ಬಾಗಿದ ಕೆಂಗಂದು ಬಣ್ಣದ ಹುಳು. ನಿಮ್ಮ ಮನೆಯವರಿಗೆ ಅದರ ಪರಿಚಯ ಮೊದಲೇ ಇರಬೇಕು, ಏಕೆಂದರೆ ಹಳೆಯ ಕೊತ್ತಂಬರಿ, ಅರಸಿನ ಕೊಂಬು, ಒಣಮೆಣಸಿನ ಡಬ್ಬಿಗಳಲ್ಲಿ ಕಾಣುವ ಹುಳುಗಳಲ್ಲಿ ಅದೂ ಒಂದು. ಅಡುಗೆಮನೆಯಿಂದ ಕಪಾಟಿಗೂ ಕಪಾಟಿನಿಂದ ಅಡುಗೆಮನೆಗೂ ಅದು ಸುಲಭವಾಗಿ ಹೋಗಿ ಬರುತ್ತದೆ, ಆದ್ದರಿಂದ ಈ ವಾರ ಮಸಾಲೆ ಡಬ್ಬಿಗಳನ್ನೂ ಬಿಚ್ಚಿ ನೋಡಿ.

ಸಿಗಾರ್ ಕಪಾಟನ್ನು ತಂಪಾಗಿ ಇಡಬೇಕೆನ್ನುವುದಕ್ಕೆ ರುಚಿ ಪರಿಮಳಗಳಿಗಿಂತ ದೊಡ್ಡ ಕಾರಣ ಈ ಹುಳುವೇ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಅದರ ಮೊಟ್ಟೆಗಳು ಎಲೆಯ ಜೊತೆಯಲ್ಲೇ ಬಂದಿರಬಹುದು. ಕಪಾಟು 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅವುಗಳ ಬೆಳವಣಿಗೆ ಕುಂಟುತ್ತದೆ. 30 ಡಿಗ್ರಿಯ ಮೇಲೆ, ಶೇಕಡ 70ರ ತೇವದಲ್ಲಿ, ಮೊಟ್ಟೆಯಿಂದ ಜೀರುಂಡೆಯವರೆಗಿನ ಪಯಣ ಒಂದು ತಿಂಗಳ ಆಚೀಚೆಯಲ್ಲಿ ಮುಗಿಯುತ್ತದೆ. ಮೇ ತಿಂಗಳ ವಾಸ್ಕೋದಲ್ಲಿ ತಂಪಿಲ್ಲದ ಕಪಾಟೆಂದರೆ ಹುಳುವಿಗೆ ಇದಕ್ಕಿಂತ ಹಿತವಾದ ಬಾಣಂತಿ ಕೋಣೆ ಇನ್ನೊಂದಿಲ್ಲ.

ತೂತು ಬಿದ್ದವನ್ನು ಚೀಲದಲ್ಲಿ ಕಟ್ಟಿ ಮನೆಯಿಂದ ಹೊರಗೆ ಹಾಕಿ. ಉಳಿದವು ಚೆನ್ನಾಗಿ ಕಂಡರೂ ನಂಬಬೇಡಿ. ಅವುಗಳನ್ನು ಗಾಳಿ ಹಿಂಡಿದ ಎರಡು ಪದರದ ಜಿಪ್ ಚೀಲಗಳಲ್ಲಿ ಹಾಕಿ, ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿ, ಬಳಿಕ ಒಂದು ವಾರ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಕೆಳಭಾಗದಲ್ಲಿ ಇಡಿ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ಸ್ಥಿರವಾಗಿದ್ದರೆ ಮೂರು ನಾಲ್ಕು ದಿನವೂ ಸಾಕೆನ್ನುವವರಿದ್ದಾರೆ. ಆದರೆ ದಿನಕ್ಕೆ ಹತ್ತು ಸಲ ಮೀನಿಗೆಂದು ತೆರೆಯುವ ಫ್ರೀಜರಿನ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಹಂತ ಹಂತವಾಗಿ ತಣಿಸದೆ ನೇರವಾಗಿ ಫ್ರೀಜರಿಗೆ ಎಸೆದರೆ ಹೊದಿಕೆ ಎಲೆ ಬಿರಿಯುತ್ತದೆ. ಗೋವಾದಂಥ ಊರಿನಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರ ಕೊನೆಯ ಹಂತದಲ್ಲಿ ಬೇಕು: ಹೊರತೆಗೆದ ಚೀಲ ಕೋಣೆಯ ಬಿಸಿಗೆ ಪೂರ್ತಿ ಬರುವವರೆಗೆ, ಅಂದರೆ ಐದಾರು ತಾಸು, ಅದರ ಬಾಯಿ ಬಿಚ್ಚಬಾರದು. ಬಿಚ್ಚಿದರೆ ಒಂದೊಂದು ಸಿಗಾರೂ ಮಜ್ಜಿಗೆಯ ಲೋಟದಂತೆ ಬೆವರುತ್ತದೆ.

ಅಷ್ಟರಲ್ಲಿ ಕಪಾಟಿನ ಮೂಲೆ ಮೂಲೆಯನ್ನೂ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಒಣ ಬಟ್ಟೆಯಿಂದ ಒರೆಸಿ, ಬಿಡಿಸಬಹುದಾದ ಹಲಗೆಗಳನ್ನು ಸಿಗಾರಿನಂತೆಯೇ ಫ್ರೀಜರ್ ಕಾಣಿಸಿ. ಸಿಗಾರುಗಳ ಮೇಲೆ ಬಿಳಿಯ ಮಚ್ಚೆಗಳಿದ್ದರೆ ಅದು ಹಳತಾದ ಎಲೆಯ ಹೂವು, ಒಳ್ಳೆಯ ಲಕ್ಷಣ ಎಂದು ಯಾರಾದರೂ ಹೇಳಬಹುದು. ಕರಾವಳಿಯಲ್ಲಿ ಅದನ್ನು ಬೂಸ್ಟೆಂದೇ ತಿಳಿದು ಬೇರೆ ಮಾಡಿ. ಇಷ್ಟೆಲ್ಲ ಆದ ಮೇಲೂ 30 ಡಿಗ್ರಿಯ ಕಪಾಟಿಗೇ ಮರಳಿಸುವುದಾದರೆ ಶ್ರಮವೆಲ್ಲ ವ್ಯರ್ಥ. ಮಳೆಗಾಲ ಕಾಲಿಡುವವರೆಗಾದರೂ ಕೆಳಗೆ ಡೊಂಬಿವಲಿಯವರಿಗೆ ಹೇಳಿರುವ ಉಪಾಯವನ್ನು ಅನುಸರಿಸಿ.

ಪ್ರಶ್ನೆ: ಡೊಂಬಿವಲಿಯಲ್ಲಿರುವ ನನ್ನ ಬಳಿ ಹದಿನೆಂಟು ಸಿಗಾರುಗಳಷ್ಟೇ ಇವೆ, ಜುಲೈಯಲ್ಲಿ ಅಣ್ಣನ ಕೈಗೆ ಕೊಡಬೇಕು. ಇದಕ್ಕಾಗಿ ಕಪಾಟು ಕೊಳ್ಳುವ ಮನಸ್ಸಿಲ್ಲ. ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿಟ್ಟರೆ ಆಗದೇ?

ಉತ್ತರ: ಆಗದು. ಫ್ರಿಜ್ಜಿನ ಗಾಳಿ ಒಣಗಿರುತ್ತದೆ, ಮತ್ತು ತಂಬಾಕಿನ ಎಲೆ ಪಕ್ಕದಲ್ಲಿರುವ ಎಲ್ಲ ವಾಸನೆಯನ್ನೂ ತನ್ನದಾಗಿಸಿಕೊಳ್ಳುತ್ತದೆ. ಬೊಂಬಿಲ್ ಒಣಮೀನಿನ ಪರಿಮಳದ ಸಿಗಾರನ್ನು ನಿಮ್ಮ ಅಣ್ಣನವರು ಮೆಚ್ಚಲಾರರು.

ಔಷಧ ಅಥವಾ ಐಸ್‌ಕ್ರೀಮ್ ಸಾಗಿಸಲು ಬಳಸುವ ಮೂರು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು, ನಲವತ್ತು ಲೀಟರಿನಷ್ಟು ದೊಡ್ಡದಾದರೆ ಸಾಕು, ತನ್ನಿ; ಹೊಸದಾದರೆ ವಾಸನೆ ಹೋಗಲು ಎರಡು ದಿನ ಬಾಯಿ ತೆರೆದಿಡಿ. ಸಿಗಾರುಗಳನ್ನು ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಶೇಕಡ 65ರ ಒಂದು ತೇವ ಪೊಟ್ಟಣದೊಡನೆ ಮುಚ್ಚಿ ಆ ಪೆಟ್ಟಿಗೆಯ ತಳದಲ್ಲಿಡಿ. ಪಕ್ಕದಲ್ಲಿ, ಡಬ್ಬಿಗೆ ತಾಗದಂತೆ, ಟವೆಲ್ಲಿನಲ್ಲಿ ಸುತ್ತಿದ ಒಂದು ಲೀಟರಿನ ಹೆಪ್ಪುಗಟ್ಟಿದ ನೀರಿನ ಬಾಟಲಿ ನಿಲ್ಲಿಸಿ. ಹೊರಗಿಗಿಂತ ಹತ್ತು ಡಿಗ್ರಿ ತಂಪಾಗಿರುವ ಅಂಥ ಪೆಟ್ಟಿಗೆಯ ಗೋಡೆಗಳಿಂದ ಒಂಬತ್ತು ಹತ್ತು ವ್ಯಾಟಿನಷ್ಟು ಬಿಸಿ ಒಳಗೆ ನುಸುಳುತ್ತಿರುತ್ತದೆ, ಒಂದು ಲೀಟರ್ ಮಂಜುಗಡ್ಡೆ ಕರಗುವಾಗ 93 ವ್ಯಾಟ್–ಗಂಟೆಯಷ್ಟು ಬಿಸಿಯನ್ನು ನುಂಗುತ್ತದೆ. ಅಂದರೆ ಒಂದು ಬಾಟಲಿಗೆ ಹತ್ತು ತಾಸಿನ ಆಯುಸ್ಸು. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಒಂದು, ರಾತ್ರಿ ಊಟವಾದ ಮೇಲೆ ಒಂದು ಬದಲಾಯಿಸಿದರೆ ಒಳಗೆ 21ರಿಂದ 24ರ ನಡುವೆ ನಿಲ್ಲುತ್ತದೆ. ಬಾಟಲಿಯ ಬೆವರಿಗೆ ಟವೆಲ್ಲು ಒದ್ದೆಯಾಗುವುದು ಖಂಡಿತ, ಅದನ್ನೂ ದಿನವೂ ಬದಲಾಯಿಸಿ. ಸಿಗಾರಿನ ಡಬ್ಬಿಯನ್ನು ಜುಲೈವರೆಗೆ ತೆರೆಯುವ ಅಗತ್ಯವಿಲ್ಲ. ನೋಡಲೇಬೇಕೆಂದರೆ ಪಾರದರ್ಶಕ ಮುಚ್ಚಳದ ಡಬ್ಬಿಯನ್ನು ಆರಿಸಿಕೊಂಡು, ಒಳಗೊಂದು ಸಣ್ಣ ಮೀಟರ್ ಇಡಿ.